ಫೋನ್ ಸದ್ದಿನ ಇಂಗ್ಲಿಷ್

ಪ್ರಶ್ನೆ: ಸಭೆಗೆ ಮುನ್ನ ಫೋನ್ ಸೈಲೆಂಟಿಗೆ ಹಾಕಿ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕು? ಸೈಲೆಂಟ್, ಮ್ಯೂಟ್, ಡು ನಾಟ್ ಡಿಸ್ಟರ್ಬ್ ಮೂರೂ ಒಂದೆಯೇ?

ಉತ್ತರ: ‘ಪ್ಲೀಸ್ ಪುಟ್ ಯುವರ್ ಫೋನ್ಸ್ ಆನ್ ಸೈಲೆಂಟ್’ ಎನ್ನಿ; ‘ಇನ್ ಸೈಲೆಂಟ್’ ಎನ್ನುವ ರೂಢಿ ನಮ್ಮಲ್ಲಿದ್ದರೂ ‘ಆನ್’ ಎಂಬುದೇ ಸರಿ, ‘ಆನ್ ವೈಬ್ರೇಟ್’ ಕೂಡ ಹಾಗೆಯೇ. ಮೂರೂ ಒಂದೇ ಅಲ್ಲ. ಸೈಲೆಂಟ್ ಎಂದರೆ ಕರೆ ಬಂದಾಗ ಸದ್ದಾಗದು, ಆದರೆ ಅಲಾರಂ ಸಾಮಾನ್ಯವಾಗಿ ಹೊಡೆದೇ ಹೊಡೆಯುತ್ತದೆ. ಆನ್‌ಲೈನ್ ಸಭೆಯಲ್ಲಿ ‘ಯು ಆರ್ ಆನ್ ಮ್ಯೂಟ್’ ಎಂದರೆ ನಿಮ್ಮ ಮೈಕ್ ಮುಚ್ಚಿರುವುದರಿಂದ ದನಿ ಕೇಳಿಸುತ್ತಿಲ್ಲವೆಂದು ತಿಳಿಯಿರಿ. ಡು ನಾಟ್ ಡಿಸ್ಟರ್ಬ್‌ನಲ್ಲಿ ನೀವು ಆರಿಸಿದವರ ಕರೆಗಷ್ಟೇ ಸದ್ದಾಗುವಂತೆ ಇಡಬಹುದು; ಐಫೋನಿನಲ್ಲಿ ‘ರಿಪೀಟೆಡ್ ಕಾಲ್ಸ್’ ಆಯ್ಕೆಯಿದ್ದರೆ, ಒಬ್ಬರೇ 3 ನಿಮಿಷದೊಳಗೆ ಎರಡನೇ ಸಲ ಕರೆದಾಗಲೂ ಗಂಟೆ ಬಾರಿಸುತ್ತದೆ. ವಯಸ್ಸಾದ ತಂದೆತಾಯಿ ಊರಿನಲ್ಲಿರುವವರು ಇದನ್ನು ತಪ್ಪದೆ ಹೊಂದಿಸಿಕೊಳ್ಳಬೇಕು.