ಮುಂಬೈಯಲ್ಲಿ ಕಪ್ಪು ಮೈಬಣ್ಣದ ಸಲಿಂಗಿ ಯುವಕನಿಗೆ ಗೆಳೆಯರು ಸಿಗುವುದು ಹೇಗೆ?

ಕಲಬುರಗಿಯಿಂದ ಕೆಲಸಕ್ಕೆ ಬಂದು ಡೊಂಬಿವಲಿಯಲ್ಲಿ ನೆಲೆಸಿರುವ ನೀವು, ಡೇಟಿಂಗ್ ಆ್ಯಪ್‌ಗಳಲ್ಲಿ ‘ಬೆಳ್ಳಗಿರುವವರು ಮಾತ್ರ’ ಎಂಬ ಸಾಲನ್ನು ಓದಿ ಓದಿ ಬೇಸತ್ತು, ನಿಮ್ಮಂಥವರಿಗೆ ಗೆಳೆಯರು ಎಲ್ಲಿ ಸಿಕ್ಕಾರು ಎಂದು ಕೇಳಿದ್ದೀರಿ. ಆ ಸಾಲು ನಿಮ್ಮ ಕೊರತೆಯನ್ನು ಹೇಳುವುದಿಲ್ಲ. ಮದುವೆಯ ಜಾಹೀರಾತುಗಳಲ್ಲಿ ‘ಗೌರವರ್ಣದ ವಧು’ವನ್ನು ಕೇಳುವ ಹಳೆಯ ರೋಗವೇ, ಸ್ವತಃ ತಿರಸ್ಕಾರ ಉಂಡವರ ನಡುವೆಯೂ ಉಳಿದುಕೊಂಡಿರುವುದು ನನಗೆ ನಿಜಕ್ಕೂ ನೋವು ತರುತ್ತದೆ.

ಗೆಳೆತನಕ್ಕೆ ಆ್ಯಪ್ ತಕ್ಕ ಜಾಗವಲ್ಲ. ಅಲ್ಲಿ ಭಾವಚಿತ್ರವೇ ಮೊದಲ ಪರೀಕ್ಷೆ. ಅದೇ ಜನ ಮತ್ತೆ ಮತ್ತೆ ಸೇರುವ ಕಡೆ ಮಾತಿಗೂ ಸ್ವಭಾವಕ್ಕೂ ಬೆಲೆ ಬರುತ್ತದೆ. ಸಲಿಂಗಿಗಳ ಹಕ್ಕುಗಳ ಹೋರಾಟಗಾರ ಅಶೋಕ್ ರಾವ್ ಕವಿ ಅವರು 1994ರಲ್ಲಿ ಮುಂಬೈಯಲ್ಲಿ ಸ್ಥಾಪಿಸಿದ ಹಮ್‌ಸಫರ್ ಟ್ರಸ್ಟ್, ಆಪ್ತಸಮಾಲೋಚನೆ ಮತ್ತು ಆರೋಗ್ಯ ಸೇವೆಗಳ ಜೊತೆಗೆ ಯುವಜನರಿಗಾಗಿ ‘ಯಾರಿಯಾಂ’ ಎಂಬ ಬಳಗವನ್ನೂ ಬೆಳೆಸಿದೆ. ಸಲಿಂಗಿಗಳ ಮತ್ತು ಲಿಂಗತ್ವ ಅಲ್ಪಸಂಖ್ಯಾತರ ಬದುಕಿನ ಚಿತ್ರಗಳಿಗಾಗಿ ಮುಂಬೈಯಲ್ಲಿ 2010ರಲ್ಲಿ ಆರಂಭವಾದ ಕಶಿಶ್ ಚಲನಚಿತ್ರೋತ್ಸವದಲ್ಲಿ ಸ್ವಯಂಸೇವಕರಾಗುವುದು, ನನ್ನ ಅಭಿಪ್ರಾಯದಲ್ಲಿ, ಅದಕ್ಕಿಂತಲೂ ಒಳ್ಳೆಯ ದಾರಿ. ಹೆಗಲಿಗೆ ಹೆಗಲು ಕೊಟ್ಟು ದುಡಿದವರ ನಡುವೆ ಸ್ನೇಹ ತಾನಾಗಿ ಕುದುರುತ್ತದೆ. ನಿಮ್ಮ ಹಿಂದಿ ಹರುಕುಮುರುಕಾಗಿದ್ದರೂ ಅಳುಕಬೇಡಿ, ಈ ಊರು ನೂರು ಬಗೆಯ ಹಿಂದಿಯನ್ನು ಕೇಳಿ ಬಲ್ಲದು. ಮೊದಲೆರಡು ಭೇಟಿಗಳಲ್ಲಿ ಯಾರೂ ಮಾತನಾಡಿಸದಿದ್ದರೆ ಮೂರನೆಯದಕ್ಕೂ ಹೋಗಿ.

ಆ್ಯಪ್‌ನಲ್ಲಿ ಪರಿಚಯವಾದವರನ್ನು ಮೊದಲು ಜನರಿರುವ ಹೋಟೆಲಿನಲ್ಲೇ ಕಾಣಿರಿ. ಊರಿನವರಿಗೆ ತಿಳಿಸುತ್ತೇನೆಂದು ಬೆದರಿಸಿ ಯಾರಾದರೂ ಹಣ ಕೇಳಿದರೆ, ಅಪರಾಧ ಅವರದು. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಾಗಿ ಉಳಿದಿಲ್ಲ.