ಐಎಸ್‌ಡಿಎನ್ ಇಟ್ಟುಕೊಳ್ಳುವುದೇ, ಬ್ರಾಡ್‌ಬ್ಯಾಂಡ್‌ಗೆ ಹೋಗುವುದೇ?

(2000ರ ದಶಕದ ಮಧ್ಯಭಾಗದ ಪ್ರಶ್ನೋತ್ತರ; ಸೇವೆ, ವೇಗ, ಮಿತಿ ಎಲ್ಲವೂ ಅಂದಿನವು.)

ಪ್ರಶ್ನೆ (ಶಿರಸಿ): ಮನೆಯಲ್ಲಿ ಐಎಸ್‌ಡಿಎನ್ (ಫೋನ್ ತಂತಿಯಲ್ಲೇ ಎರಡು ಡಿಜಿಟಲ್ ಚಾನೆಲ್ ಕೊಡುವ) ಲೈನ್ ಇದೆ. ಈಗ ನಮ್ಮ ಎಕ್ಸ್‌ಚೇಂಜಿಗೂ ಬಿಎಸ್‌ಎನ್‌ಎಲ್‌ನ ಬ್ರಾಡ್‌ಬ್ಯಾಂಡ್ ಡೇಟಾಒನ್ ಬಂದಿದೆಯಂತೆ. ಎರಡು ಕಂಪ್ಯೂಟರಿಗೆ ಯಾವುದು ಒಳ್ಳೆಯದು?

ಉತ್ತರ: ಎಕ್ಸ್‌ಚೇಂಜಿನಿಂದ ನಿಮ್ಮ ಮನೆವರೆಗೆ ತಂತಿ ಎಷ್ಟು ಉದ್ದವಿದೆ ಎಂದು ಮೊದಲು ಲೈನ್‌ಮನ್‌ರನ್ನು ಕೇಳಿ. ರಸ್ತೆಯ ಲೆಕ್ಕ ಬೇಡ, ಕೇಬಲ್ ಊರು ಸುತ್ತಿಕೊಂಡು ಬರುವುದುಂಟು. 3 ಕಿ.ಮೀ. ಒಳಗಿದ್ದರೆ ಯೋಚಿಸದೆ ಬ್ರಾಡ್‌ಬ್ಯಾಂಡ್ ಹಾಕಿಸಿ. 5 ಕಿ.ಮೀ. ದಾಟಿದ್ದರೆ ಅದು ಪದೇ ಪದೇ ಕಡಿದುಹೋಗುತ್ತದೆ. ಅಂಥಲ್ಲಿ ಐಎಸ್‌ಡಿಎನ್ನೇ ವಾಸಿ.

ಐಎಸ್‌ಡಿಎನ್‌ನ ಎರಡು ಚಾನೆಲ್‌ಗಳನ್ನು ಕೂಡಿಸಿದರೆ 128 ಕೆಬಿಪಿಎಸ್, ಅಂದರೆ ಗಂಟೆಗೆ ಹೆಚ್ಚೆಂದರೆ 57 ಎಂಬಿ. ಆದರೆ ಎರಡು ಚಾನೆಲ್ ಎಂದರೆ ಎರಡು ಕಾಲ್, ಬಿಲ್ಲೂ ಎರಡರಷ್ಟು. 256 ಕೆಬಿಪಿಎಸ್ ಬ್ರಾಡ್‌ಬ್ಯಾಂಡಿನಲ್ಲಿ ಗಂಟೆಗೆ 115 ಎಂಬಿ ಇಳಿಯುತ್ತದೆ, ಕಾಲ್ ಚಾರ್ಜ್ ಇಲ್ಲ, ಫೋನೂ ಬಿಡುವಾಗಿರುತ್ತದೆ. ಇಲ್ಲಿ ಓಡುವುದು ಬೇರೆ ಮೀಟರ್: ತಿಂಗಳಿಗೆ 1 ಜಿಬಿ ಮಿತಿಯ ಯೋಜನೆ ಪೂರ್ಣ ವೇಗದಲ್ಲಿ ಒಂಬತ್ತು ಗಂಟೆಯೊಳಗೆ ಖಾಲಿ. ವಿಂಡೋಸ್ ಎಕ್ಸ್‌ಪಿಯ ಸರ್ವಿಸ್ ಪ್ಯಾಕ್ 2 ಒಂದೇ 266 ಎಂಬಿ. ಅದನ್ನು ಒಮ್ಮೆ ಇಳಿಸಿ ಸಿಡಿಗೆ ಹಾಕಿಕೊಂಡು ಎರಡೂ ಕಂಪ್ಯೂಟರಿಗೆ ಬಳಸಿ.

ಇನ್ನೊಂದು ವಿಷಯ. ಐಎಸ್‌ಡಿಎನ್ ಓಡುತ್ತಿರುವ ತಂತಿಯ ಮೇಲೆಯೇ ಇಲ್ಲಿ ಕೊಡುವ ಎಡಿಎಸ್‌ಎಲ್ (ಫೋನ್ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಸಾಗಿಸುವ ತಂತ್ರ) ಓಡದು. ಎರಡರ ಸಿಗ್ನಲ್ ಒಂದರ ಮೇಲೊಂದು ಬೀಳುತ್ತವೆ. ಆ ಲೈನನ್ನು ಮೊದಲು ಸಾಧಾರಣ ಫೋನ್ ಲೈನಾಗಿ ಬದಲಿಸಲು ಅರ್ಜಿ ಕೊಡಬೇಕು. ಐಎಸ್‌ಡಿಎನ್ ಲೈನಿನ ಕೊನೆಗೆ ಹಾಕಿರುವ ಎನ್‌ಟಿ1 ಪೆಟ್ಟಿಗೆಯನ್ನು ಬ್ರಾಡ್‌ಬ್ಯಾಂಡ್‌ಗೂ ಬಳಸಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಪ್ರಶ್ನೆ (ದಾವಣಗೆರೆ): ಫೋನ್ ರಿಂಗಾದ ಕೂಡಲೇ ನೆಟ್ ಹೋಗುತ್ತದೆ. ಮೋಡೆಮ್ ಕೆಟ್ಟಿದೆಯೇ?

ಉತ್ತರ: ಹತ್ತರಲ್ಲಿ ಒಂಬತ್ತು ಮನೆಗಳಲ್ಲಿ ಮೋಡೆಮ್ ಸರಿಯಾಗಿಯೇ ಇರುತ್ತದೆ. ಮಲಗುವ ಕೋಣೆಗೆ ಎಳೆದ ಪ್ಯಾರಲಲ್ ಫೋನ್ (ಅದೇ ಲೈನಿನ ಇನ್ನೊಂದು ಫೋನ್) ಮಾತು, ನೆಟ್ ಬೇರ್ಪಡಿಸುವ ಸ್ಪ್ಲಿಟರ್‌ಗಿಂತ ಮುಂಚೆಯೇ ಕವಲೊಡೆದಿರುತ್ತದೆ, ಅದೇ ತೊಂದರೆ. ಮಾತು ಸಾಗುವುದು 4 ಕಿಲೋಹರ್ಟ್ಸ್ ಒಳಗೆ, ಎಡಿಎಸ್‌ಎಲ್ ಸುಮಾರು 25ರಿಂದ 1,100 ಕಿಲೋಹರ್ಟ್ಸ್ ನಡುವೆ. ಇವೆರಡನ್ನೂ ಬೇರ್ಪಡಿಸುವ ಸ್ಪ್ಲಿಟರ್ ಲೈನ್ ಮನೆಯೊಳಗೆ ಬರುವ ಮೊದಲ ರೋಸೆಟ್‌ನಲ್ಲಿಯೇ (ಗೋಡೆಯ ಫೋನ್ ಪೆಟ್ಟಿಗೆ) ಇರಬೇಕು. ಅದರ ‘ಲೈನ್’ ತೂತಿಗೆ ಹೊರಗಿನ ತಂತಿ, ‘ಮೋಡೆಮ್’ ತೂತಿಗೆ ಮೋಡೆಮ್. ಎಲ್ಲ ಫೋನುಗಳೂ, ಫ್ಯಾಕ್ಸ್ ಇದ್ದರೆ ಅದೂ, ‘ಫೋನ್’ ತೂತಿನಿಂದ ಮುಂದಕ್ಕೆ ಹೋಗಬೇಕು. ಗೋಡೆ ಒಡೆಯಲು ಮನಸ್ಸಿಲ್ಲದಿದ್ದರೆ ಪ್ರತಿ ಫೋನಿಗೂ ಒಂದೊಂದು ಫಿಲ್ಟರ್ ಹಾಕಿ.

ಹೀಗೆ ಪರೀಕ್ಷಿಸಿ: ಎಲ್ಲ ಫೋನುಗಳನ್ನೂ ಕಿತ್ತು, ಮೋಡೆಮನ್ನು ಮೊದಲ ರೋಸೆಟ್‌ಗೆ ನೇರ ಸಿಕ್ಕಿಸಿ. ಬ್ರೌಸರಿನಲ್ಲಿ ಮೋಡೆಮಿನ ಪುಟ 192.168.1.1 ತೆರೆದು ಎಡಿಎಸ್‌ಎಲ್ ಸ್ಟೇಟಸ್ ನೋಡಿ. ಎಸ್‌ಎನ್‌ಆರ್ ಮಾರ್ಜಿನ್ (ಲೈನಿನ ಗದ್ದಲ ತಡೆದುಕೊಳ್ಳಲು ಸಿಗ್ನಲ್‌ಗೆ ಉಳಿದಿರುವ ಅವಕಾಶ) 10 ಡಿಬಿಗಿಂತ ಮೇಲಿದ್ದರೆ ನೆಮ್ಮದಿ, 6ಕ್ಕಿಂತ ಕೆಳಗಿದ್ದರೆ ಲೈನ್ ನಿಲ್ಲದು. ಅಟೆನ್ಯುಯೇಶನ್ (ದಾರಿಯಲ್ಲಿ ಸಿಗ್ನಲ್ ಕ್ಷೀಣಿಸುವ ಪ್ರಮಾಣ) 60 ಡಿಬಿ ದಾಟಿದರೆ ದೂರವೇ ಕಾರಣ. ಈ ಪರೀಕ್ಷೆಯಲ್ಲಿ ಸರಿಯಾಗಿದ್ದು ಫೋನ್ ಜೋಡಿಸಿದಾಗ ಕೆಟ್ಟರೆ ದೋಷ ನಿಮ್ಮ ಮನೆಯೊಳಗಿನದು. ಮಳೆ ಬಂದ ದಿನ ಮಾತ್ರ ಕೆಟ್ಟರೆ ಕಂಬದಲ್ಲಿ ತಂತಿ ಹಂಚುವ ಡಿಪಿ ಬಾಕ್ಸ್ ಅಥವಾ ತಂತಿಯ ಜಾಯಿಂಟಿಗೆ ನೀರು ಇಳಿದಿದೆ. ಮಳೆ ಬಂದ ದಿನದ, ಬಾರದ ದಿನದ ಅಂಕಿಗಳನ್ನು ಬರೆದಿಟ್ಟುಕೊಂಡು ದೂರು ಕೊಡಿ. ಬರಿಯ ‘ನೆಟ್ ಸ್ಲೋ’ ಎಂಬ ದೂರಿಗೆ ಬೆಲೆಯಿಲ್ಲ.

ಪ್ರಶ್ನೆ (ಮೈಸೂರು): ಒಂದು ಕಂಪ್ಯೂಟರಿನಲ್ಲಿ ನೆಟ್ ಇದ್ದಾಗ ಇನ್ನೊಂದರಲ್ಲಿ ಬರುವುದಿಲ್ಲ. ಎರಡನ್ನೂ ಮೋಡೆಮಿಗೆ ಜೋಡಿಸಲು ನೆಟ್‌ವರ್ಕ್ ಸ್ವಿಚ್ ಹಾಕಿದ್ದೇವೆ.

ಉತ್ತರ: ನಿಮ್ಮ ಮೋಡೆಮ್ ಬ್ರಿಡ್ಜ್ ಮೋಡ್‌ನಲ್ಲಿದೆ. ಅಲ್ಲಿ ಕಂಪ್ಯೂಟರೇ ಡಯಲ್ ಮಾಡುತ್ತದೆ, ಡಯಲ್ ಮಾಡಿದವರಿಗಷ್ಟೇ ನೆಟ್. ಮೋಡೆಮ್ ಪುಟದಲ್ಲಿ ವಿಪಿಐ 0, ವಿಸಿಐ 35, ಎಲ್‌ಎಲ್‌ಸಿ ಎಂಬ ಲೈನ್ ಸೆಟ್ಟಿಂಗ್‌ಗಳು ಹಾಗೇ ಇರಲಿ. ಬ್ರಿಡ್ಜ್ ಬದಲು ಪಿಪಿಪಿಒಇ (ಮೋಡೆಮೇ ಡಯಲ್ ಮಾಡುವ ವಿಧಾನ) ಆರಿಸಿ, ಯೂಸರ್‌ನೇಮ್, ಪಾಸ್‌ವರ್ಡ್ ಅಲ್ಲೇ ತುಂಬಿ. ಎನ್‌ಎಟಿ (ಒಂದೇ ಸಂಪರ್ಕವನ್ನು ಹಲವು ಕಂಪ್ಯೂಟರಿಗೆ ಹಂಚುವುದು) ಮತ್ತು ಡಿಎಚ್‌ಸಿಪಿ (ಕಂಪ್ಯೂಟರಿಗೆ ಐಪಿ ವಿಳಾಸ ತಾನಾಗಿ ಕೊಡುವುದು) ಆನ್ ಮಾಡಿ, ಸೇವ್ ಮಾಡಿ ರೀಬೂಟ್ ಮಾಡಿ. ಎರಡೂ ಕಂಪ್ಯೂಟರಿನಲ್ಲಿ ‘ಐಪಿ ತಾನಾಗಿ ಪಡೆ’ ಎಂದಿರಲಿ, ಹಳೆಯ ಡಯಲರ್ ತೆಗೆದುಹಾಕಿ. ಮೋಡೆಮಿನ ಯೂಸರ್, ಪಾಸ್‌ವರ್ಡ್ ಎರಡೂ ‘ಅಡ್ಮಿನ್’ ಎಂದಿದ್ದರೆ ಅಂದೇ ಬದಲಿಸಿ.

ಯುಎಸ್‌ಬಿಗೆ ಒಂದು, ಲ್ಯಾನ್‌ಗೆ ಒಂದು ಕಂಪ್ಯೂಟರ್ ಜೋಡಿಸುವ ಉಪಾಯ ಕೆಲವು ಮೋಡೆಮ್‌ಗಳಲ್ಲಿ ನಡೆಯುತ್ತದೆ. ಆದರೆ ಡ್ರೈವರ್ ತಲೆನೋವು. ಲ್ಯಾನ್ ಕಾರ್ಡೇ ಹಾಕಿಸಿ.

ಪ್ರಶ್ನೆ (ಹಾಸನ): ಕೆಲವು ಜಾಲತಾಣ ತೆರೆಯುತ್ತವೆ, ಬ್ಯಾಂಕಿನದು ಅರ್ಧಕ್ಕೇ ನಿಲ್ಲುತ್ತದೆ.

ಉತ್ತರ: ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ನೋಡಿ. 1,500 ಬೈಟ್‌ನಲ್ಲಿ ಪಿಪಿಪಿಒಇಗೆ 8 ಹೋದರೆ ಉಳಿಯುವುದು 1,492. ಪಿಂಗ್ ಆದೇಶಕ್ಕೆ -f -l 1464 ಸೇರಿಸಿ ಪರೀಕ್ಷಿಸಿ; ಪ್ಯಾಕೆಟ್ ತುಂಡು ಮಾಡಬೇಕೆಂಬ ಉತ್ತರ ಬಂದರೆ ಸಂಖ್ಯೆಯನ್ನು ಇಳಿಸುತ್ತ ಹೋಗಿ. ಸರಿಹೋದ ಸಂಖ್ಯೆಗೆ ಹೆಡರ್‌ನ 28 ಬೈಟ್ ಕೂಡಿಸಿದರೆ ಅದೇ ನಿಮ್ಮ ಎಂಟಿಯು.

ಪ್ರಶ್ನೆ (ತೀರ್ಥಹಳ್ಳಿ): ಗುಡುಗಿಗೆ ಮೋಡೆಮ್ ಸುಟ್ಟುಹೋಗುತ್ತದೆ. ಸ್ಟೆಬಿಲೈಜರ್ ಸಾಕೇ?

ಉತ್ತರ: ಸಾಲದು. ಸಿಡಿಲಿನ ಹೊಡೆತ ಬಹಳ ಸಲ ಕರೆಂಟಿನಿಂದಲ್ಲ, ಫೋನ್ ತಂತಿಯಿಂದ ಬರುತ್ತದೆ. ಮೋಡ ಕವಿದಾಗಲೇ ಅಡಾಪ್ಟರ್ ಜೊತೆ ಫೋನ್ ತಂತಿಯನ್ನೂ ಕಿತ್ತಿಡಿ. ನೆಟ್‌ವರ್ಕ್ ಕೇಬಲ್ಲನ್ನೂ ಬಿಚ್ಚಿ, ಇಲ್ಲದಿದ್ದರೆ ಮೋಡೆಮ್ ದಾಟಿ ಲ್ಯಾನ್ ಕಾರ್ಡೂ ಹೋಗುತ್ತದೆ.