ಪ್ರತಿಕ್ರಿಯೆ: ಡಿಸ್ಕ್ ಉಬ್ಬಿದ್ದರೆ ಶಸ್ತ್ರಚಿಕಿತ್ಸೆ ಅನಿವಾರ್ಯವೇ?

ಸೊಂಟನೋವು ಎಡಗಾಲಿಗೆ ಇಳಿಯುತ್ತಿದ್ದು, ಎಂಆರ್‌ಐ ವರದಿಯಲ್ಲಿ ಎಲ್4–ಎಲ್5 ಡಿಸ್ಕ್ (ಸೊಂಟದ ಭಾಗದ ನಾಲ್ಕನೇ ಮತ್ತು ಐದನೇ ಬೆನ್ನೆಲುಬುಗಳ ನಡುವಿನ ಮೆತ್ತೆ) ಉಬ್ಬಿದೆಯೆಂದು ಬಂದಿರುವುದರಿಂದ ಶಸ್ತ್ರಚಿಕಿತ್ಸೆ ಅನಿವಾರ್ಯವೇ ಎಂದು ತಾವು ಕೇಳಿದ್ದೀರಿ. ವರದಿಯ ಆ ಒಂದು ಸಾಲಿನಿಂದಲೇ ಹಾಗೆ ತೀರ್ಮಾನಿಸಬೇಕಿಲ್ಲ; 40ರ ಆಸುಪಾಸಿನ, ಯಾವ ನೋವೂ ಇಲ್ಲದವರನ್ನು ಸ್ಕ್ಯಾನ್ ಮಾಡಿದರೂ ಸುಮಾರು ಅರ್ಧದಷ್ಟು ಮಂದಿಯಲ್ಲಿ ಇಂಥ ಉಬ್ಬು ಕಾಣುತ್ತದೆ. ಕಾಲಿಗೆ ಇಳಿಯುವ ನೋವು ನರದ ಬೇರು (ಬೆನ್ನುಹುರಿಯಿಂದ ನರ ಹೊರಡುವ ಬುಡ) ಕೆರಳಿರುವುದರ ಸೂಚನೆಯಾಗಿರಬಹುದಾದರೂ, ಹೊರಚಾಚಿದ ಭಾಗವನ್ನು ದೇಹವೇ ಕ್ರಮೇಣ ಕರಗಿಸಿಕೊಳ್ಳುವುದುಂಟು, ಮತ್ತು ಹೆಚ್ಚಿನವರಿಗೆ 6ರಿಂದ 12 ವಾರಗಳಲ್ಲಿ ನೋವು ತಗ್ಗುತ್ತದೆ. ಅಲ್ಲಿಯವರೆಗೆ ಹಾಸಿಗೆ ಹಿಡಿಯದೆ, ತಾಳಿಕೊಳ್ಳುವಷ್ಟು ನಡೆಯಿರಿ. ಫಿಸಿಯೋಥೆರಪಿಸ್ಟರು ತಮ್ಮನ್ನು ಪರೀಕ್ಷಿಸಿ ಹೇಳಿಕೊಟ್ಟ ವ್ಯಾಯಾಮವನ್ನು ಮಾಡಿ. ತಾವು ಹೋಗಿಬರುವ ಬೆಂಗಳೂರಿನ ವೈಟ್‌ಫೀಲ್ಡ್‌ಗೆ ಸ್ಕೂಟರಿನ ಬದಲು ನೇರಳೆ ಮಾರ್ಗದ ಮೆಟ್ರೋ ಮೇಲು (ನಮ್ಮ ರಸ್ತೆಗುಂಡಿಗಳು ಯಾವ ಸೊಂಟಕ್ಕೂ ಕರುಣೆ ತೋರುವುದಿಲ್ಲ). ಆದರೆ ಪಾದ ಎತ್ತಲಾಗದಷ್ಟು ಬಲ ಕುಂದಿದರೆ, ಗುದ-ಜನನಾಂಗಗಳ ಸುತ್ತ ಜೋಮು ಹಿಡಿದರೆ ಅಥವಾ ಮೂತ್ರ ಕಟ್ಟಿದರೆ, ಮರುದಿನಕ್ಕೆ ಕಾಯದೆ ತಕ್ಷಣವೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.